ತೂಕ, ಕುತ್ತಿಗೆ ಮೊದಲು; ಕಾಲಿನ ಊತ ಕಡೆಗೆ

ಮಡಿಕೇರಿಯ ವಾರ್ಡಿನಲ್ಲಿ ಹಾರ್ಟ್ ಫೇಲ್ಯೂರ್ (ಹೃದಯ ಸರಿಯಾಗಿ ಪಂಪ್ ಮಾಡದೆ ಮೈಯಲ್ಲಿ ನೀರು ಸೇರುವ ಕಾಯಿಲೆ) ರೋಗಿಗಳನ್ನು ನೋಡುವಾಗ ದಿನಾ ಬೆಳಿಗ್ಗೆ ನನಗೆ ಒಂದೇ ಪ್ರಶ್ನೆ: ಇವರ ಮೈಯಲ್ಲಿ ನೀರು ಇನ್ನೂ ಜಾಸ್ತಿ ಇದೆಯಾ? ಮೂತ್ರ ಹೆಚ್ಚಿಸಿ ನೀರು ಇಳಿಸುವ ಲ್ಯಾಸಿಕ್ಸ್ ಔಷಧಿ ಸಾಲದಿದ್ದರೆ ಏದುಸಿರು ನಿಲ್ಲುವುದಿಲ್ಲ. ಜಾಸ್ತಿಯಾದರೆ ಬಿ.ಪಿ. ಬೀಳುತ್ತದೆ, ಕಿಡ್ನಿಯ ಕೆಲಸ ಕುಗ್ಗಿದ್ದನ್ನು ತೋರಿಸುವ ಕ್ರಿಯೇಟಿನಿನ್ ರಕ್ತದಲ್ಲಿ ಏರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ತೂಕವನ್ನು ನಂಬುತ್ತೇನೆ. ಒಂದು ಲೀಟರ್ ನೀರು ಹೋದರೆ ಸುಮಾರು ಒಂದು ಕೆ.ಜಿ. ಇಳಿಯುತ್ತದೆ. ಆದರೆ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ಮೆಷಿನ್ನಿನಲ್ಲಿ, ಅಷ್ಟೇ ಬಟ್ಟೆಯಲ್ಲಿ ನೋಡಬೇಕು. ಜುಲೈ ಮಳೆಯಲ್ಲಿ ನಮಗೆ ಕಷ್ಟವಾಗುವುದು ಇಲ್ಲೇ. ಚಳಿಗೆ ಸ್ವೆಟರ್, ಅದರ ಮೇಲೆ ಶಾಲು. ಇವತ್ತು ಹಾಕಿಕೊಂಡು ನಿಂತು ನಾಳೆ ಬಿಚ್ಚಿ ನಿಂತರೆ ನೀರು ಇಳಿದ ಹಾಗೆ ಸುಮ್ನೆ ಕಾಣುತ್ತದೆ. "ಅಜ್ಜ, ಒಂದು ನಿಮಿಷ ಸ್ವೆಟರ್ ಬಿಚ್ಚಿ, ಆಮೇಲೆ ಹಾಕ್ಕೊಳ್ಳಿ" ಎಂದು ಕೇಳಿಯೇ ನಮ್ಮ ಸಿಸ್ಟರ್ ತೂಕ ಬರೆಯುತ್ತಾರೆ. ಕುಡಿದ ನೀರು, ಹೋದ ಮೂತ್ರದ ಚಾರ್ಟನ್ನೂ ನೋಡುತ್ತೇನೆ. ಆದರೆ ಮನೆಯವರು ಫ್ಲಾಸ್ಕಿನಲ್ಲಿ ತಂದ ಕಾಫಿ ಅದರಲ್ಲಿ ಇರುವುದಿಲ್ಲ ಅಲ್ವಾ?

ಆಮೇಲೆ ಕುತ್ತಿಗೆ. ನೀರು ಜಾಸ್ತಿಯಿದ್ದರೆ ಅಲ್ಲಿನ ಅಭಿಧಮನಿಯಲ್ಲಿ (ಹೃದಯಕ್ಕೆ ರಕ್ತ ವಾಪಸ್ ತರುವ ನಾಳ) ಒತ್ತಡ ಏರುತ್ತದೆ. ಮಂಚದ ತಲೆಕಡೆಯನ್ನು 45 ಡಿಗ್ರಿ ಎತ್ತಿ, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆ ಟಾರ್ಚನ್ನು ಓರೆಯಾಗಿ ಹಿಡಿಯುತ್ತೇನೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯ ಬಡಿತ ಬೆರಳಿಗೆ ಸಿಗುತ್ತದೆ. ಅಭಿಧಮನಿಯ ಅಲುಗಾಟ ಕಣ್ಣಿಗೆ ಮಾತ್ರ. ಎದೆಮೂಳೆಯ ಮೇಲ್ಭಾಗದ ಉಬ್ಬಿನಿಂದ ನೇರವಾಗಿ 3 ಸೆಂ.ಮೀ.ಗಿಂತ ಮೇಲೆ ಕಂಡರೆ ಒತ್ತಡ ಹೆಚ್ಚಿದೆ ಎಂದು ಅರ್ಥ. ಕಾಣದೇ ಇದ್ದರೆ ಸರಿಯಿದೆ ಎಂದು ಬಿಡುವಂತಿಲ್ಲ. ತೀರಾ ಜಾಸ್ತಿಯಿದ್ದಾಗ ಅಲುಗಾಟ ದವಡೆಯ ಹಿಂದೆ ಅಡಗಿರುತ್ತದೆ. ಹಾಗಾಗಿ ನೆಟ್ಟಗೆ ಕೂರಿಸಿ ಇನ್ನೊಮ್ಮೆ ನೋಡುತ್ತೇನೆ.

ಕಾಲಿನ ಊತ ನನಗೆ ಕಡೆಯದು. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುತ್ತದೆ. ಹಾಸಿಗೆ ಹಿಡಿದವರಲ್ಲಿ ಕಾಲು ತೆಳ್ಳಗೇ ಇದ್ದು, ನೀರು ಸೊಂಟದ ಹಿಂದೆ ಸೇರಿರುತ್ತದೆ. ಮಗ್ಗುಲಾಗಿಸಿ ಅಲ್ಲಿ ಬೆರಳೊತ್ತಿ ನೋಡಬೇಕು. ಬಿಡುವಿದ್ದರೆ ಶ್ವಾಸಕೋಶಕ್ಕೆ ಅಲ್ಟ್ರಾಸೌಂಡ್ ಇಡುತ್ತೇನೆ. ಸ್ಟೆತಸ್ಕೋಪಿನಲ್ಲಿ ಕಿವಿಗೆ ಕೇಳದ ನೀರು ಅದರಲ್ಲಿ ಎಷ್ಟೋ ಸಲ ಕಾಣುತ್ತದೆ.

ಡಿಸ್ಚಾರ್ಜ್ ಮಾಡುವ ಮೊದಲು ದಿಂಬು ತೆಗೆದು ಚಪ್ಪಟೆಯಾಗಿ ಮಲಗಿಸಿ ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಲ್ಲುತ್ತೇನೆ. ಉಸಿರು ಕಟ್ಟಿ ಎದ್ದು ಕೂತರೆ ಆವತ್ತು ಮನೆಗೆ ಕಳಿಸುವುದಿಲ್ಲ, ಕಾಲು ಎಷ್ಟೇ ಇಳಿದಿರಲಿ. ಹೋಗುವ ದಿನದ ತೂಕವನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಮಳೆಗಾಲದ ಒಣಮೀನು, ಉಪ್ಪಿನಕಾಯಿ ಬೇಡ ಎಂದು ಅಡುಗೆ ಮಾಡುವವರಿಗೇ ಹೇಳುತ್ತೇನೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮುಂದಿನ ಚೆಕಪ್ಪಿಗೆ ಕಾಯದೆ ಬರಬೇಕು. ಎಸ್ಟೇಟಿನ ಲೈನ್ ಮನೆಯವರ ಹತ್ತಿರ ತೂಕದ ಮೆಷಿನ್ ಇರುವುದಿಲ್ಲ. ಅವರಿಗೆ ಬೇರೆ ಗುರುತು ಹೇಳುತ್ತೇನೆ: ರಾತ್ರಿ ಒಂದು ದಿಂಬು ಸಾಲದೆ ಎರಡು ಬೇಕೆನ್ನಿಸಿದರೆ ಮಾರನೇ ದಿನವೇ ಬನ್ನಿ.