ಕುದುರೆ ಕೊಳ್ಳುವಾಗ ಕಾಗದ ಎಷ್ಟು ಮುಖ್ಯ? ನನ್ನ ಅನುಭವ

2011ರಲ್ಲಿ ಮೊದಲ ಕುದುರೆ ಕೊಂಡ ದಿನ ಲಾಯದ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಅದರ ಪಾಸ್‌ಪೋರ್ಟ್, ಅಂದರೆ ಗುರುತು ಮತ್ತು ವಂಶ ಬರೆದಿರುವ ಪುಸ್ತಕ, ಓದಿದೆ. ಕುದುರೆ ಪಕ್ಕದಲ್ಲೇ ನಿಂತಿತ್ತು. ಅದರ ಕಾಲು ಮುಟ್ಟಿ ನೋಡಲೇ ಇಲ್ಲ.

ರೇಸ್ ಬಿಟ್ಟ ಥರೋಬ್ರೆಡ್ ಅದು, ರೇಸ್‌ಗೆ ಅಂತಲೇ ಬೆಳೆಸುವ ತಳಿ. 6 ವರ್ಷ, ಬೀಜ ತೆಗೆಸಿದ ಗಂಡು. ಕೆಂಪು ಮೈ, ಹಣೆಯಿಂದ ಮೂಗಿನವರೆಗೆ ಬಿಳಿ ಪಟ್ಟೆ. ಎತ್ತರ 16 ಹ್ಯಾಂಡ್, ಅಂದರೆ 64 ಇಂಚು. ಮಾರಲು ಬಂದವನು ಕುದುರೆ ತೋರಿಸುವ ಮೊದಲೇ ಪುಸ್ತಕ ಕೈಗೆ ಕೊಟ್ಟ. ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ಅಪ್ಪನ ಹೆಸರು. ಆ ತಾತನ ಹೆಸರು ನನಗೂ ಗೊತ್ತಿತ್ತು, ದೊಡ್ಡ ರೇಸ್ ಗೆದ್ದ ಕುದುರೆ. ನನ್ನಂಥ ಮಧ್ಯಮ ವರ್ಗದವಳಿಗೆ ಇಂಥ ಮನೆತನದ ಕುದುರೆ ಸಿಗುತ್ತಿದೆಯಲ್ಲ ಅಂತ ಕೈ ನಡುಗಿತು. ದುಡ್ಡು ಎಣಿಸಿ ಕೊಟ್ಟೆ. ಮನೆಗೆ ತಂದು ಕೆಂಪ ಅಂತ ಹೆಸರಿಟ್ಟೆ.

6 ವಾರಕ್ಕೆ ಕೆಂಪ ಕುಂಟತೊಡಗಿದ. ಎಡ ಮುಂಗಾಲು. ಡಾಕ್ಟರ್ ಬಂದು ಕಾಲೆತ್ತಿ, ಮಂಡಿಯ ಕೆಳಗೆ ಹಿಂಬದಿಯಲ್ಲಿ ಎರಡು ಬೆರಳು ಇಟ್ಟು ನಿಧಾನ ಕೆಳಗೆ ಜಾರಿಸಿದರು. "ಮೇಡಂ, ನೀವೇ ಮುಟ್ಟಿ ನೋಡಿ" ಅಂದರು. ಬಲಗಾಲಿನಲ್ಲಿ ಟೆಂಡನ್, ಅಂದರೆ ಮಾಂಸವನ್ನು ಮೂಳೆಗೆ ಕಟ್ಟುವ ನಾರು, ಬಿಗಿಯಾಗಿ ಎಳೆದು ಕಟ್ಟಿದ ಹಗ್ಗದ ಹಾಗಿತ್ತು, ನೆಟ್ಟಗೆ. ಎಡಗಾಲಿನಲ್ಲಿ ಮಧ್ಯಕ್ಕೆ ಬಂದಾಗ ಬೆರಳು ಒಂದು ಉಬ್ಬು ಹತ್ತಿ ಇಳಿಯಿತು. ಬೆಚ್ಚಗೂ ಇತ್ತು. ಟೆಂಡನ್ ಹಿಂದೆಯೇ ಹರಿದು, ಒರಟಾಗಿ ಕೂಡಿಕೊಂಡಿದ್ದು ಈಗ ಮತ್ತೆ ಹರಿದಿತ್ತು. ಕುದುರೆ ನೋಡಿಕೊಳ್ಳುವ ಸೈಸ್‌ಗಳು ಇದನ್ನ 'ನರ ಹೋಗಿದೆ' ಅಂತಾರೆ. ಹೊಸ ಪೆಟ್ಟಾದರೂ ವಾಸಿಯಾಗೋಕೆ 9ರಿಂದ 12 ತಿಂಗಳು ಬೇಕು. ಹಳೇ ಪೆಟ್ಟಿನ ಮೇಲೆ ಮತ್ತೆ ಪೆಟ್ಟು ಅಂದರೆ ಮೊದಲಿನ ಹಾಗೆ ಓಡುವ ಮಾತೇ ಬಿಡಿ. ಕೊಳ್ಳುವ ದಿನ ಬಗ್ಗಿ ಒಂದು ನಿಮಿಷ ಬೆರಳು ಆಡಿಸಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ದುಡ್ಡಿಗಲ್ಲ. ಆ 6 ವಾರ ನೋಯುವ ಕಾಲಿನಲ್ಲೇ ಅವನನ್ನು ಓಡಿಸಿದೆನಲ್ಲ, ಅದಕ್ಕೆ.

ಇದಾದ ಮೇಲೆ ಒಂದಷ್ಟು ದಿನ ಕಾಗದ ಅಂದರೆ ಸಾಕು ಸಿಟ್ಟು ಬರುತ್ತಿತ್ತು. ಅದೂ ತಪ್ಪೇ. ಕಾಗದದಲ್ಲಿ ಸುಳ್ಳು ಇರಲಿಲ್ಲ. ಅದು ಹೇಳದೇ ಇದ್ದ ಮಾತನ್ನು ನಾನು ಅದರಲ್ಲಿ ಓದಿಕೊಂಡಿದ್ದೆ.

ಥರೋಬ್ರೆಡ್ ಕಾಗದ ನಿಜಕ್ಕೂ ಗಟ್ಟಿ ಕಾಗದ. ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ದೇಶದ ಈ ತಳಿಯ ಲೆಕ್ಕ ಇಡುತ್ತದೆ. ಮರಿ ಇಂಥ ಅಪ್ಪ ಅಮ್ಮನದೇ ಅಂತ ಡಿಎನ್‌ಎ ನೋಡಿ ಖಚಿತ ಮಾಡುತ್ತಾರೆ. ಅಪ್ಪ ಅಮ್ಮ ಇಬ್ಬರೂ ಪುಸ್ತಕದಲ್ಲಿ ಇದ್ದರೆ ಮಾತ್ರ ಮರಿಗೆ ಜಾಗ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ್ದಕ್ಕೆ ಜಾಗವೇ ಇಲ್ಲ. ಇಂಗ್ಲೆಂಡಿನಲ್ಲಿ 1791ರಲ್ಲಿ ಇಂಥ ಪುಸ್ತಕ ಮೊದಲು ಅಚ್ಚಾಯಿತು, ಆ ಕ್ರಮ ಇನ್ನೂ ನಡೆದು ಬಂದಿದೆ. ರೇಸ್‌ಗೆ ಓಡಿಸಬೇಕು ಅಂದರೆ ಈ ನೋಂದಣಿ ಇಲ್ಲದೆ ಆಗಲ್ಲ. ಆದರೆ ನನಗೆ ಬೇಕಿದ್ದಿದ್ದು ಮಕ್ಕಳಿಗೆ ಸವಾರಿ ಕಲಿಸುವ ಕುದುರೆ. ತಾತ ಗೆದ್ದ ರೇಸ್ ಕಟ್ಟಿಕೊಂಡು 10 ವರ್ಷದ ಮಗು ಏನು ಮಾಡುತ್ತೆ, ಅಲ್ವಾ?

ಎರಡನೇ ಸಲ ರೇಸ್ ಬಿಟ್ಟ ಕುದುರೆ ನೋಡಲು ಹೋದಾಗ ಅದೇ ಕಾಗದವನ್ನು ಬೇರೆ ಥರ ಬಳಸಿದೆ. ಮೊದಲು ಕಾಲು, ಆಮೇಲೆ ಬಾಯಿ, ಆಮೇಲೆ ನಡಿಗೆ. ಗಟ್ಟಿ ನೆಲದ ಮೇಲೆ ನೆಟ್ಟಗೆ ಟ್ರಾಟ್, ಅಂದರೆ ನಡಿಗೆಗಿಂತ ಸ್ವಲ್ಪ ಜೋರಾದ ಓಟ, ಓಡಿಸಿ ತಲೆ ನೋಡಿದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಮೇಲೆತ್ತುತ್ತದೆ. ಇದೆಲ್ಲ ಆದ ಮೇಲೆ ಪಾಸ್‌ಪೋರ್ಟ್‌ನಲ್ಲಿದ್ದ ಹೆಸರು ಬರೆದುಕೊಂಡು ಮನೆಗೆ ಬಂದೆ. ಹೆಸರು ಗೊತ್ತಾದರೆ ಆ ಕುದುರೆ ಓಡಿದ ರೇಸ್‌ಗಳೆಲ್ಲ ತಾರೀಕಿನ ಸಮೇತ ಸಿಗುತ್ತವೆ. ಗೆದ್ದಿತಾ ಸೋತಿತಾ ಅಂತ ನಾನು ನೋಡಲ್ಲ. ರೇಸ್‌ಗೂ ರೇಸ್‌ಗೂ ನಡುವೆ ಎಷ್ಟು ದಿನ ಅಂತ ನೋಡುತ್ತೇನೆ. ಸೀಸನ್ ನಡುವೆ ಇದ್ದಕ್ಕಿದ್ದ ಹಾಗೆ 7 ತಿಂಗಳು ಕುದುರೆ ಕಾಣೆಯಾದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಈ ಹೆಣ್ಣು ಕುದುರೆಗೂ ಅಂಥದೊಂದು ಸಂದಿ ಇತ್ತು. ಮರುದಿನ ಹೋಗಿ ಮಾಲೀಕರನ್ನು ಕೇಳಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಸೈಸ್ ಹತ್ತಿರ ಕೂತು ಟೀ ಕುಡಿದೆ. "ಅಣ್ಣಾ, ಆ ವರ್ಷ ಇವಳು ಓಡಲೇ ಇಲ್ಲವಲ್ಲ, ಏನಾಗಿತ್ತು?" ಅಂದೆ. "ಕೆಮ್ಮು ಮೇಡಂ. ಕಾಲಿಗೇನೂ ಆಗಿಲ್ಲ. ಬೇಕಾದ್ರೆ ಸ್ಕ್ಯಾನ್ ಮಾಡ್ಸಿ" ಅಂದ. ಮಾಡಿಸಿದೆ. ಟೆಂಡನ್ ಎರಡೂ ಚೆನ್ನಾಗಿದ್ದವು. ಅವಳೇ ನಮ್ಮ ಮೀರಾ. ಕುದುರೆಗೆ ಪ್ರತಿದಿನ ಮಾಲಿಶ್ ಮಾಡುವ ಮನುಷ್ಯನಷ್ಟು ಅದರ ಮೈ ಬಲ್ಲವರು ಯಾರೂ ಇಲ್ಲ. ಅವನನ್ನು ಏನು ಕೇಳಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಮಾತ್ರ ಕಾಗದದಿಂದ.

ಇನ್ನು ರಾಜನ ವಿಷಯ. 2016ರಲ್ಲಿ ಮೈಸೂರಿನಿಂದ ಬಂದ. ಅರಮನೆ ಸುತ್ತ ಟಾಂಗಾ ಎಳೆಯುತ್ತಿದ್ದ ಕುದುರೆ. ಎತ್ತರ 13.2 ಹ್ಯಾಂಡ್ (13 ಹ್ಯಾಂಡ್ ಮೇಲೆ 2 ಇಂಚು), ಬೂದು ಬಣ್ಣ, ಹೊಟ್ಟೆ ದುಂಡಗೆ. ಅವನಿಗೆ ಕಾಗದ ಅಂತ ಒಂದು ಚೀಟಿಯೂ ಇರಲಿಲ್ಲ. ಗಾಡಿಯವರಿಗೆ ವಯಸ್ಸಾಗಿತ್ತು, ಮಗ ಆಟೋ ತಗೊಂಡಿದ್ದ. ನಾನು ಅವರನ್ನು ಭಾಯ್ ಅಂತ ಕರೆಯುತ್ತಿದ್ದೆ. ವಯಸ್ಸೆಷ್ಟು ಭಾಯ್ ಅಂದರೆ "ನಮ್ಮ ಮನೆಗೆ ಬಂದಾಗ ಚಿಕ್ಕದಿತ್ತಮ್ಮ" ಅಂದರು.

ಹಾಗಾಗಿ ಹಲ್ಲು ನೋಡಿದೆ. ಕುದುರೆಯ ಹಾಲುಹಲ್ಲು ಬಿದ್ದು ಮುಂದಿನ ಹಲ್ಲುಗಳು ಜೋಡಿ ಜೋಡಿಯಾಗಿ ಬರುತ್ತವೆ. ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. ಅಲ್ಲಿವರೆಗೆ ಲೆಕ್ಕ ಸಲೀಸು. ಆಮೇಲೆ ಹಲ್ಲಿನ ಮೇಲಿನ ಕಪ್ಪು ಗುಳಿ ಸವೆಯುವುದು ನೋಡಬೇಕು. 10ರ ಹೊತ್ತಿಗೆ ಮೇಲಿನ ಮೂಲೆ ಹಲ್ಲಿನಲ್ಲಿ ವಸಡಿನ ಹತ್ತಿರ ಕಂದು ಬಣ್ಣದ ಒಂದು ಗೀರು ಶುರುವಾಗುತ್ತದೆ. 15ಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ರಾಜನ ತುಟಿ ಎತ್ತಿದಾಗ ಗೀರು ಅಕ್ಕಿಕಾಳಿನಷ್ಟು ಉದ್ದ ಇತ್ತು. 11 ಅಥವಾ 12 ಇರಬೇಕು ಅಂದುಕೊಂಡೆ. ಡಾಕ್ಟರೂ ಅಷ್ಟೇ ಹೇಳಿದರು. ಹುಟ್ಟಿದ ತಾರೀಕು ಇರುವ ಕಾಗದ ಇದ್ದಿದ್ದರೆ ಈ ಅಂದಾಜು ಬೇಕಿರಲಿಲ್ಲ. 10 ದಾಟಿದ ಮೇಲೆ ಹಲ್ಲಿನ ಲೆಕ್ಕ ಒಂದೆರಡು ವರ್ಷ ಆಚೀಚೆ ಆಗುತ್ತದೆ. ಮೇವು ಒರಟಾಗಿದ್ದರೆ ಹಲ್ಲು ಬೇಗ ಸವೆದು ವಯಸ್ಸು ಜಾಸ್ತಿ ಕಾಣುತ್ತದೆ.

ಸ್ವಭಾವ ನೋಡಲು ಮಾತ್ರ ಯಾವ ಪುಸ್ತಕವೂ ಬೇಕಾಗಲಿಲ್ಲ. ದೇವರಾಜ ಮಾರ್ಕೆಟ್ ಕಡೆಯಿಂದ ಬರುವ ರಸ್ತೆಯಲ್ಲಿ ಒಂದು ಬಸ್ಸು ಅವನ ಕಿವಿ ಪಕ್ಕದಲ್ಲೇ ಹಾರನ್ ಹೊಡೆಯಿತು. ರಾಜ ಒಂದು ಕಿವಿ ಹಿಂದೆ ತಿರುಗಿಸಿದ, ಅಷ್ಟೇ. ನಡಿಗೆ ಬದಲಿಸಲಿಲ್ಲ. ಯಾವುದೋ ಮಗು ಓಡಿ ಬಂದು ಕಾಲು ಹಿಡಿದುಕೊಂಡಿತು. ಅವನು ನಿಂತ. ಮಗು ಬಿಡುವವರೆಗೂ ಗೊರಸು ಎತ್ತಲಿಲ್ಲ. ನನಗೆ ಗಂಟಲು ಕಟ್ಟಿತು. ಭಾಯ್ ಕೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಒಂದು ವಾರ ನಮ್ಮಲ್ಲಿಟ್ಟು ನೋಡುತ್ತೇನೆ, ಆಗದಿದ್ದರೆ ವಾಪಸ್ ಅಂತ ಮಾತಾಗಿತ್ತು. ವಾಪಸ್ ಕಳಿಸುವ ಮಾತೇ ಬರಲಿಲ್ಲ. ನಮ್ಮಲ್ಲಿ ಮೊದಲ ಸಲ ಕುದುರೆ ಹತ್ತಿದ ಹೆಚ್ಚಿನ ಮಕ್ಕಳು ಹತ್ತಿದ್ದು ರಾಜನ ಬೆನ್ನನ್ನೇ.

ಕೆಲವು ತಂದೆತಾಯಿ ಕೇಳುತ್ತಾರೆ, "ಇದು ಯಾವ ತಳಿ? ಸರ್ಟಿಫಿಕೇಟ್ ಇಲ್ವಾ?" ಅಂತ. ಆಗ ಸ್ನೋಮ್ಯಾನ್ ಕತೆ ಹೇಳುತ್ತೇನೆ. 1956ರಲ್ಲಿ ಅಮೆರಿಕದಲ್ಲಿ ಹ್ಯಾರಿ ಡಿಲೇಯರ್ ಅನ್ನುವ ಸವಾರಿ ಮೇಷ್ಟ್ರು ಕಸಾಯಿಖಾನೆಗೆ ಹೊರಟಿದ್ದ ಲಾರಿಯಿಂದ ಒಂದು ನೇಗಿಲ ಕುದುರೆಯನ್ನು 80 ಡಾಲರ್‌ಗೆ ಇಳಿಸಿಕೊಂಡರು. ಎರಡೇ ವರ್ಷಕ್ಕೆ ಅದು ಆ ದೇಶದ ದೊಡ್ಡ ಜಂಪಿಂಗ್ ಕುದುರೆಗಳನ್ನೆಲ್ಲ ಸೋಲಿಸಿತು. ಬೇಲಿ ಹಾರುವ ಆಟದಲ್ಲಿ ತಾತ ಯಾರು ಅಂತ ಯಾರೂ ಕೇಳಲ್ಲ.

ಹಾಗಂತ ಕಾಗದ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಮರಿ ಮಾಡಿಸುವ ಆಸೆ ಇದ್ದರೆ ಕಾಗದವೇ ಮೊದಲು. ಕೆಲವು ವರ್ಷದ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬಳ ಅಪ್ಪನ ಜೊತೆ ಸಾರಂಗಖೇಡಾ ಜಾತ್ರೆಗೆ ಹೋಗಿದ್ದೆ. ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯಲ್ಲಿ, ತಾಪಿ ನದಿ ದಂಡೆ ಮೇಲೆ, ದತ್ತ ಜಯಂತಿಗೆ ಸೇರುವ ಕುದುರೆ ಜಾತ್ರೆ. ಅವರಿಗೆ ರಾಜಸ್ಥಾನದ ಮಾರ್ವಾಡಿ ತಳಿಯ ಹೆಣ್ಣು ಕುದುರೆ ಬೇಕಿತ್ತು, ತಳಿ ಬೆಳೆಸಲು. ಒಂದು ಕುದುರೆ ಮನಸ್ಸಿಗೆ ಬಂತು. ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ನಡಿಗೆ ಚೆಂದ. ಮಾರುವವನು ತಳಿಯ ಕಾಗದದ ಲ್ಯಾಮಿನೇಟ್ ಮಾಡಿಸಿದ ಜೆರಾಕ್ಸ್ ತೋರಿಸಿ ಅದಕ್ಕೆ ಅಂತಲೇ ದೊಡ್ಡ ರೇಟು ಹೇಳಿದ.

ಇಂಥ ಕಾಗದದಲ್ಲಿ ಕುದುರೆಯ ಚಿತ್ರ ಅಚ್ಚು ಹಾಕಿ, ಬಿಳಿ ಗುರುತುಗಳನ್ನೂ ಸುಳಿಗಳನ್ನೂ ಅದರ ಮೇಲೆ ಬರೆದಿರುತ್ತಾರೆ. ಸುಳಿಗೆ ಗುಣಾಕಾರದ ಗುರುತು. ನಮ್ಮಜ್ಜ ಎತ್ತು ಕೊಳ್ಳುವಾಗ ಸುಳಿ ನೋಡುತ್ತಿದ್ದರು, ಮನೆಗೆ ಒಳ್ಳೆಯದಾಗುತ್ತಾ ಅಂತ. ನಾನೂ ನೋಡುತ್ತೇನೆ, ಇದು ಅದೇ ಕುದುರೆಯಾ ಅಂತ. ಬಿಳಿ ಕಾಲಿಗೆ ಬಣ್ಣ ಹಚ್ಚಬಹುದು, ಸುಳಿ ಬದಲಿಸೋಕೆ ಆಗಲ್ಲ. ಜೆರಾಕ್ಸ್‌ನಲ್ಲಿ ಹಣೆ ಮೇಲೆ ಎರಡು ಸುಳಿ, ಒಂದರ ಕೆಳಗೆ ಒಂದು. ಜೂಲು ಸರಿಸಿ ನೋಡಿದೆ. ಒಂದೇ ಸುಳಿ ಇತ್ತು, ಎರಡು ಕಣ್ಣಿನ ನಡುವೆ. ಕೂದಲು ಒದ್ದೆ ಮಾಡಿ ಮತ್ತೆ ನೋಡಿದೆ. ಒಂದೇ. "ಬರೆದೋರು ತಪ್ಪು ಬರೆದಿರ್ಬೇಕು" ಅಂತ ಹಿಂದಿಯಲ್ಲಿ ಹೇಳಿದ. ಚರ್ಮದ ಕೆಳಗೆ ಹಾಕಿರುವ ಗುರುತಿನ ಚಿಪ್ ಓದಲು ನಾನು ಒಯ್ದಿದ್ದ ಚಿಪ್ ರೀಡರನ್ನು ಕತ್ತಿನ ಎಡಬದಿ, ಜೂಲಿನ ಕೆಳಗೆ ಆಡಿಸಿದೆ. ಬಲಬದಿಗೂ ಆಡಿಸಿದೆ. ಸದ್ದೇ ಬರಲಿಲ್ಲ.

ಸವಾರಿಗಾದರೆ ಆ ಕುದುರೆಯನ್ನು ನಾನೇ ಕೊಳ್ಳುತ್ತಿದ್ದೆ, ಕಾಗದ ಇಲ್ಲದ ಕುದುರೆಯ ಬೆಲೆಗೆ. ಕಾಲು, ಬಾಯಿ, ಬೆನ್ನು ಎಲ್ಲ ಗಟ್ಟಿ. ಆದರೆ ಅದರ ಮರಿಗಳನ್ನು ನಾಳೆ ಯಾರಿಗೆ ಏನಂತ ಹೇಳಿ ಕೊಡುವುದು? ಬಾಗಿದ ಕಿವಿ ಬೆರಕೆ ಮರಿಗೂ ಬರುತ್ತದೆ. ಕೊಳ್ಳಬೇಡಿ ಅಂದೆ. ಆ ವಿದ್ಯಾರ್ಥಿಯ ಅಪ್ಪ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ವರ್ಷ ಚಿಪ್ ಮತ್ತು ಸುಳಿ ಎರಡೂ ತಾಳೆಯಾದ ಇನ್ನೊಂದು ಕೊಂಡರು, ಈಗ ಅದಕ್ಕೆ ಎರಡು ಮರಿ.

ತಳಿಯ ಕಾಗದ ಬಿಟ್ಟರೂ ನಾನು ಬಿಡದ ಕಾಗದ ಒಂದಿದೆ, ಗ್ಲ್ಯಾಂಡರ್ಸ್ ರಿಪೋರ್ಟ್. ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ ಅದು. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಇಲ್ಲ, ದಯಾಮರಣವೇ. ಪಶು ಆಸ್ಪತ್ರೆಯವರು ರಕ್ತ ತೆಗೆದು ಕಳಿಸುತ್ತಾರೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದಕ್ಕೆ ದೊಡ್ಡ ಪ್ರಯೋಗಾಲಯ. ರಿಪೋರ್ಟ್ ಬರುವವರೆಗೆ ಹೊಸ ಕುದುರೆ ನಮ್ಮ ಲಾಯದೊಳಗೆ ಬರುವ ಹಾಗಿಲ್ಲ. ಅದರ ನೀರಿನ ಬಕೆಟ್ಟೂ ಬೇರೆ. ರಾಜನಿಗೂ ಹೀಗೇ ಮಾಡಿದ್ದೆ, ಮಾವಿನ ಮರದ ಕೆಳಗೆ ಒಬ್ಬನೇ ಕಟ್ಟಿದ್ದೆವು. ರಾತ್ರಿ ಕೂಗುತ್ತಿದ್ದ. ಹೋಗಿ ಹುರುಳಿ ತಿನ್ನಿಸಿ ಬರುತ್ತಿದ್ದೆ.

ರಿಪೋರ್ಟ್ ಬಂದ ಮೇಲೆ ಭಾಯ್ ಮನೆಗೆ ಹೋಗಿ ಕ್ರಯದ ಪತ್ರ ಬರೆಸಿದೆ, ಇಬ್ಬರು ಸಾಕ್ಷಿ ಹಾಕಿಸಿದೆ. ಡಾಕ್ಟರ್ ರಾಜನ ಕತ್ತಿಗೆ ಚಿಪ್ ಹಾಕಿದರು. ಒಂದು ಹೊಸ ನೋಟ್‌ಬುಕ್ ತಂದು ಅವನ ಚಿತ್ರ ನಾನೇ ಬಿಡಿಸಿದೆ. ಹಣೆಯ ಸುಳಿ, ಕತ್ತಿನ ಎರಡು ಸುಳಿ, ಎದೆ ಮೇಲೆ ಗಾಡಿ ಪಟ್ಟಿ ಉಜ್ಜಿ ಬಿದ್ದ ಕಲೆ. ನಾಲ್ಕೂ ಬದಿಯ ಫೋಟೋ ಅಂಟಿಸಿದೆ. ಟಿಟಿ ಇಂಜೆಕ್ಷನ್, ಜಂತಿನ ಔಷಧಿ, ಲಾಳ ಬದಲಿಸಿದ ತಾರೀಕು ಎಲ್ಲ ಅದರಲ್ಲೇ ಇದೆ. ಅಪ್ಪ, ಅಮ್ಮ ಅನ್ನುವ ಸಾಲು ಖಾಲಿ ಬಿಟ್ಟಿದ್ದೇನೆ. ತಳಿ ಅನ್ನುವ ಕಡೆ 'ಮೈಸೂರು ಟಾಂಗಾ' ಅಂತ ಬರೆದಿದ್ದೇನೆ.