ಫೂಟರ್ ಮಾಡುವ ಮುಂಚೆ ನಾನು ಮೇಲ್ ಓದುತ್ತೇನೆ

ಪುಟದ ತಳದ ತನಕ ಬರುವವರು ಯಾರು? ಹೆಚ್ಚಿನವರು ಬೇಕಾದ್ದು ಮೇಲೆ ಸಿಗದವರು. ಮೆನು ನೋಡಾಗಿದೆ, ಪುಟವೆಲ್ಲ ಜಾಲಾಡಾಗಿದೆ, ಫೋನ್ ನಂಬರೋ ಹಣ ವಾಪಸ್ ನಿಯಮವೋ ಇಲ್ಲಾದರೂ ಇರಬಹುದು ಅಂತ ಕೆಳಗೆ ಬಂದಿರುತ್ತಾರೆ. ಅದಕ್ಕೇ ಫೂಟರ್‌ನಲ್ಲಿ, ಅಂದರೆ ಪುಟದ ತಳದ ಆ ಭಾಗದಲ್ಲಿ, ಏನಿರಬೇಕು ಅನ್ನುವುದನ್ನು ನಾನು ಡಿಸೈನ್ ಟೂಲ್ ತೆರೆದು ಯೋಚಿಸುವುದಿಲ್ಲ. ಸೈಟ್‌ಗೆ ಬಂದ ಮೇಲ್‌ಗಳನ್ನು ಓದುತ್ತೇನೆ. ಸೈಟ್‌ನ ಹುಡುಕು ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡಿದ್ದಾರೆ ಅಂತಲೂ ನೋಡುತ್ತೇನೆ.

ಈಚೆಗೆ ಒಂದು ಆನ್‌ಲೈನ್ ತರಬೇತಿ ಸೈಟ್‌ನ ಫೂಟರ್ ಹೊಸದಾಗಿ ಮಾಡಿದೆ. ಹಳೆಯದರಲ್ಲಿ ಮೇಲಿನ ಮೆನು ಪೂರ್ತಿ ಮತ್ತೆ ಬಂದಿತ್ತು, ಜೊತೆಗೆ ಟ್ಯಾಗ್‌ಗಳ ರಾಶಿ, ದೊಡ್ಡ ದೊಡ್ಡ ಸೋಷಿಯಲ್ ಐಕಾನ್‌ಗಳು. ಮೇಲ್‌ಗಳಲ್ಲಿ ಮಾತ್ರ ಮತ್ತೆ ಮತ್ತೆ ಅವೇ ಪ್ರಶ್ನೆ: ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ, ಫೀಸ್ ವಾಪಸ್ ಬರುತ್ತಾ, ಯಾವ ಹೊತ್ತಲ್ಲಿ ಫೋನ್ ಮಾಡಬಹುದು. ಈ ಮೂರನ್ನೂ ಮೊದಲ ಕಾಲಮ್‌ಗೆ ತಂದೆ. 'ಬೆಂಬಲ' ಅಂತಿದ್ದ ಲಿಂಕ್ ತೆಗೆದು 'ಸರ್ಟಿಫಿಕೇಟ್ ಡೌನ್‌ಲೋಡ್' ಅಂತಲೇ ಬರೆದೆ, ಜನ ಕೇಳಿದ್ದೂ ಅದೇ ಮಾತಲ್ಲಿ ಅಲ್ವಾ. ಫೋನ್ ನಂಬರ್ ಚಿತ್ರವಾಗಿತ್ತು. ಅದನ್ನು ಒತ್ತಿದರೆ ಕರೆ ಹೋಗುವಂಥ ಲಿಂಕ್ ಮಾಡಿ, ಕರೆ ತೆಗೆಯುವ ಸಮಯವನ್ನು ಪಕ್ಕದಲ್ಲೇ ಹಾಕಿದೆ. ಸೋಷಿಯಲ್ ಐಕಾನ್‌ಗಳು ಚಿಕ್ಕದಾಗಿ ಕೊನೆಯ ಸಾಲಿಗೆ ಹೋದವು. ಸಹಾಯ ಹುಡುಕಿಕೊಂಡು ಬಂದವರನ್ನು ಸೈಟ್‌ನಿಂದ ಆಚೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರೈವಸಿ, ನಿಯಮಗಳು, ಕಾಪಿರೈಟ್ ಕೂಡ ಅದೇ ಸಾಲಲ್ಲಿ.

ಬಣ್ಣದ ವಿಷಯದಲ್ಲಿ ನಾನು ರಾಜಿ ಆಗುವುದೇ ಇಲ್ಲ. ಫೂಟರ್ ಅಂದರೆ ಸಾಕು, ತಿಳಿ ಬೂದು ಬಣ್ಣದ ಸಣ್ಣ ಅಕ್ಷರ ಹಾಕಿಬಿಡುತ್ತಾರೆ. ಬಿಳಿ ಹಿನ್ನೆಲೆ ಮೇಲೆ 999999 ಅನ್ನುವ ಕೋಡ್‌ನ ಬೂದು ಇಟ್ಟರೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರದ ಅನುಪಾತ, 2.85 ಅಷ್ಟೇ. ಮಾಮೂಲಿ ಗಾತ್ರದ ಅಕ್ಷರಕ್ಕೆ ಡಬ್ಲ್ಯೂಸಿಎಜಿಯ (ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ) ನಡುವಿನ ಮಟ್ಟವಾದ ಎಎ ಕೇಳುವುದು ಕನಿಷ್ಠ 4.5. 767676 ತನಕ ಕಪ್ಪಾಗಿಸಿದರೆ ಹೇಗೋ ಪಾಸಾಗುತ್ತೆ, ನಾನು ಇನ್ನೂ ಗಾಢ ಮಾಡುತ್ತೇನೆ. ಕನ್ನಡದ ಸೈಟ್ ಆದರೆ ಅಕ್ಷರದ ಗಾತ್ರವನ್ನೂ ಸಾಲುಗಳ ನಡುವಿನ ಜಾಗವನ್ನೂ ಜಾಸ್ತಿ ಇಡಲೇಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ.

ಮೊಬೈಲ್‌ನಲ್ಲಿ ಕಾಲಮ್‌ಗಳು ಒಂದರ ಕೆಳಗೊಂದು ಬರುತ್ತವೆ. ಲಿಂಕ್‌ಗಳನ್ನು ಹತ್ತಿರ ಹತ್ತಿರ ಒತ್ತರಿಸಿದರೆ ಹೆಬ್ಬೆರಳು ಪಕ್ಕದ್ದನ್ನು ಒತ್ತುತ್ತೆ. 2023ರ ಡಬ್ಲ್ಯೂಸಿಎಜಿ 2.2 ಎಎ ಮಟ್ಟಕ್ಕೆ ಒತ್ತುವ ಜಾಗ ಇಷ್ಟಿರಲಿ ಅಂತ ಕೇಳುವುದು 24 ಪಿಕ್ಸೆಲ್, ನಾನು 44 ಇಡುತ್ತೇನೆ. ಮುಖ್ಯ ಲಿಂಕ್‌ಗಳನ್ನು ಮಡಚಿ ಬಚ್ಚಿಡುವುದಿಲ್ಲ. ಫೋನ್ ನಂಬರ್, ಸಹಾಯದ ಲಿಂಕ್ ಎಲ್ಲ ಪುಟಗಳಲ್ಲೂ ಅದೇ ಕ್ರಮದಲ್ಲಿ ಇರಬೇಕು.

ಕೋಡ್‌ನಲ್ಲಿ ಫೂಟರ್ ಟ್ಯಾಗ್ ನೇರವಾಗಿ ಬಾಡಿ ಟ್ಯಾಗ್‌ನ (ಇಡೀ ಪುಟವನ್ನು ಹಿಡಿದಿಡುವುದು) ಒಳಗಿರಲಿ. ಒಂದು ಲೇಖನವನ್ನು ಸುತ್ತುವ ಆರ್ಟಿಕಲ್ ಟ್ಯಾಗ್ ಒಳಗೆ ಸೇರಿಕೊಂಡರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಇಡೀ ಸೈಟ್‌ನ ಫೂಟರ್ ಅಂತ ಗುರುತಿಸುವುದಿಲ್ಲ. ಪುಟ ಚಿಕ್ಕದಾಗಿದ್ದಾಗ ಫೂಟರ್ ನಡುವಲ್ಲಿ ತೇಲದಂತೆ ಸಿಎಸ್ಎಸ್ ಕೋಡ್‌ನಲ್ಲಿ (ಪುಟದ ರೂಪ ನಿರ್ಧರಿಸುವುದು) ಬಾಡಿಯನ್ನು ಫ್ಲೆಕ್ಸ್ ಕಾಲಮ್ ಮಾಡಿ, ಕನಿಷ್ಠ ಎತ್ತರವನ್ನು ಪರದೆಯಷ್ಟು ಇಟ್ಟು, ಮೇನ್ ಭಾಗಕ್ಕೆ ಫ್ಲೆಕ್ಸ್-ಗ್ರೋ 1 ಕೊಟ್ಟರೆ ಆಯ್ತು, ಉಳಿದ ಜಾಗವನ್ನೆಲ್ಲ ಮೇನ್ ತುಂಬಿಕೊಳ್ಳುತ್ತೆ.

ಇನ್ನೊಂದು, ಕೋರ್ಸ್‌ಗಳ ಪಟ್ಟಿ ಸ್ಕ್ರೋಲ್ ಮಾಡಿದಷ್ಟೂ ತಾನಾಗೇ ಬೆಳೆಯುತ್ತಿತ್ತು. ಫೂಟರ್ ಕಣ್ಣಿಗೆ ಬೀಳುವಷ್ಟರಲ್ಲಿ ಮತ್ತೆ ಕೆಳಗೆ ಜಾರುತ್ತಿತ್ತು. 'ಇನ್ನಷ್ಟು ತೋರಿಸಿ' ಬಟನ್ ಹಾಕಿಸಿದೆ. ಮೂಲೆಯ ಚಾಟ್ ಬಟನ್ ಕೊನೆಯ ಸಾಲನ್ನು ಮುಚ್ಚದಂತೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಕೊಟ್ಟೆ.

ಆಮೇಲೆ ಸರ್ಟಿಫಿಕೇಟ್ ಕೇಳುವ ಮೇಲ್‌ಗಳು ಚೆನ್ನಾಗಿ ಕಡಿಮೆಯಾದವು. ಫೀಸ್ ವಾಪಸ್ ಪ್ರಶ್ನೆ ಮಾತ್ರ ಇನ್ನೂ ಬರುತ್ತಿದೆ. ಲಿಂಕ್ ಒತ್ತುತ್ತಿದ್ದಾರೆ, ಆದರೆ ಆ ಪುಟದಲ್ಲಿ ಉತ್ತರ ತುಂಬಾ ಕೆಳಗಿದೆ. ಈಗ ಆ ಪುಟವನ್ನೇ ತಿದ್ದುತ್ತಿದ್ದೇನೆ.