ಜಂಪ್ ಆಮೇಲೆ, ಮೊದಲು ಅಂಚು

"ಅಕ್ಕಾ, ಜಂಪ್ ಯಾವಾಗ ಹೇಳ್ಕೊಡ್ತೀರಿ?" ಮಗುವನ್ನು ಐಸ್ ಸ್ಕೇಟಿಂಗ್ ರಿಂಕ್‌ಗೆ ಕರೆತಂದ ಮೊದಲ ವಾರವೇ ಅಪ್ಪ ಅಮ್ಮ ಕೇಳುತ್ತಾರೆ. ದಾವಣಗೆರೆಯಿಂದ ಕೆನಡಾದ ಬ್ರ್ಯಾಂಪ್ಟನ್‌ಗೆ ಬಂದು 34ನೇ ವಯಸ್ಸಿಗೆ ಸ್ಕೇಟ್ ಕಟ್ಟಿದವಳು ನಾನು. ಈಗ ಭಾನುವಾರ ಚಿಕ್ಕ ಮಕ್ಕಳ ಬ್ಯಾಚಿಗೆ ನೆರವಾಗುತ್ತೇನೆ. ಕೇಳಿದವರಿಗೆ ಕೆನಡಾದ ಫಿಗರ್ ಸ್ಕೇಟರ್ ಬ್ರಯನ್ ಆರ್ಸರ್ ಕಥೆ ಹೇಳುತ್ತೇನೆ.

1984ರ ಸರಾಯೆವೊದಲ್ಲಿ, ಒಲಿಂಪಿಕ್ಸ್‌ನಲ್ಲೇ ಮೊದಲ ಬಾರಿಗೆ ಟ್ರಿಪಲ್ ಆಕ್ಸೆಲ್, ಅಂದರೆ ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗುವ ಜಂಪ್, ಹಾರಿ ಬೆಳ್ಳಿ ಗೆದ್ದವರು ಅವರು. 1987ರಲ್ಲಿ ವಿಶ್ವ ಚಾಂಪಿಯನ್. ಮರುವರ್ಷ ಸ್ವಂತ ನೆಲದ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಕೂದಲೆಳೆ ಅಂತರದಲ್ಲಿ ಚಿನ್ನ ತಪ್ಪಿತು. ಕೋಚ್ ಆದ ಮೇಲೆ ಅವರ ಶಿಷ್ಯರಾದ ದಕ್ಷಿಣ ಕೊರಿಯಾದ ಯುನಾ ಕಿಮ್ 2010ರಲ್ಲಿ, ಜಪಾನಿನ ಯುಜುರು ಹನ್ಯೂ 2014 ಮತ್ತು 2018ರಲ್ಲಿ ಆ ಚಿನ್ನ ತಂದರು. 2012ರಲ್ಲಿ ಆರ್ಸರ್ ಬಳಿ ಕಲಿಯಲು ಟೊರಾಂಟೊಗೆ ಬಂದಾಗ ಹನ್ಯೂ ಆಗಲೇ ವಿಶ್ವ ಕಂಚಿನ ಪದಕ ಗೆದ್ದಿದ್ದ ಹುಡುಗ. ಆದರೂ ಆರ್ಸರ್ ಮತ್ತು ಅವರ ಜೊತೆಗಾರ ಕೋಚ್ ಟ್ರೇಸಿ ವಿಲ್ಸನ್ ಅವನಿಗೆ ಮೂಲ ಸ್ಕೇಟಿಂಗನ್ನೇ ಮತ್ತೆ ಮಾಡಿಸಿದರು. ಜಂಪಿಗೆ ಹೆಸರಾದ ಮನುಷ್ಯ ಹಾಗೆ ಮಾಡಿಸಿದ್ದನ್ನು ನೆನೆದಾಗೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ.

ಸರಿ, ಶುರು ಸ್ಕೇಟಿನ ಲೇಸಿನಿಂದ. ಬೆರಳಿನ ಕಡೆ ಸಡಿಲ, ಕಣಕಾಲಿನ ಹತ್ತಿರ ಬಿಗಿ. ನನ್ನ ಮೊದಲ ದಿನ ಉಲ್ಟಾ ಕಟ್ಟಿ, ಕಣಕಾಲು ಒಳಕ್ಕೆ ವಾಲಿ, ಎರಡು ವಾರ ಕುಂಟಿದ್ದೆ. ಆಮೇಲೆ ಬೀಳುವುದನ್ನು ಕಲಿಸಿ: ಮಂಡಿ ಬಗ್ಗಿಸಿ ತೊಡೆಯ ಪಕ್ಕಕ್ಕೆ ಬೀಳಬೇಕು, ಕೈಬೆರಳು ಮಡಚಿರಬೇಕು.

ಈಗ ಬ್ಲೇಡನ್ನು ಮಗುವಿಗೇ ತೋರಿಸಿ. ಅಗಲ ಸುಮಾರು 4 ಮಿಲಿಮೀಟರ್, ನಡುವೆ ಸಣ್ಣ ತಗ್ಗು, ಆಚೀಚೆ ಎರಡು ಅಂಚು. ಅಂಚಿನ ಮೇಲೆ ವಾಲಿದರೆ ಕಾಲು ತಾನಾಗಿ ತಿರುಗುತ್ತದೆ. ಹಿಮ್ಮಡಿ ಕೂಡಿಸಿ, ಬೆರಳು ಹೊರಗೆ ಮಾಡಿ, ಮಂಡಿ ಬಗ್ಗಿಸಿ ಕಾಲುಗಳನ್ನು ಅಗಲಕ್ಕೆ ತಳ್ಳಲಿ. ಮತ್ತೆ ಬೆರಳು ಒಳಗೆ ತಿರುಗಿಸಿ ಕೂಡಿಸಲಿ. ಐಸ್ ಮೇಲೆ ನಿಂಬೆಹಣ್ಣು ಮೂಡುತ್ತದೆ! ಮಕ್ಕಳು ಬಗ್ಗಿ ನೋಡಿ ಇನ್ನೊಂದು, ಮತ್ತೊಂದು ಬಿಡಿಸುತ್ತಾರೆ. ಒಂದು ಕಡೆ ಉಬ್ಬು ಕಮ್ಮಿಯಾದರೆ ಆ ಕಾಲು ಸರಿಯಾಗಿ ತಳ್ಳುತ್ತಿಲ್ಲ. ಅದನ್ನು ಮಗುವಿಗೆ ಗೆರೆಯೇ ಹೇಳಿಕೊಡುತ್ತದೆ.

ಆಮೇಲೆ ಒಂಟಿ ಕಾಲಲ್ಲಿ ಜಾರುವುದು. ಮೂರು ಎಣಿಸುವಷ್ಟು ನಿಂತರೆ ಸಾಕು, ಎರಡೂ ಕಾಲಿಗೆ. ಬ್ಲೇಡಿನ ಮುಂದಿನ ಹಲ್ಲು ಕರಕರ ಕೆರೆಯುತ್ತಿದ್ದರೆ ಭಾರ ಮುಂದಕ್ಕೆ ಹೋಗಿದೆ, ಮಂಡಿ ಇನ್ನಷ್ಟು ಬಗ್ಗಲಿ. ಈ ಹಂತಕ್ಕೆ ತಿಂಗಳುಗಟ್ಟಲೆ ಹಿಡಿದರೂ ಅವಸರ ಮಾಡಬೇಡಿ.

ಮನೆಗೆ ಹೊರಡುವ ಮುಂಚೆ ಬ್ಲೇಡ್ ಒಣಗುವಂತೆ ಒರೆಸಿ, ಬಟ್ಟೆಯ ಕವರ್ ಹಾಕಿ. ಬ್ಲೇಡಿಗೆ ಹಾಕುವ ಪ್ಲಾಸ್ಟಿಕ್ ಗಾರ್ಡ್ ಐಸ್ ಹೊರಗೆ ನಡೆಯುವುದಕ್ಕೆ ಮಾತ್ರ. ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಅಂಚಿಗೆ ತುಕ್ಕು ಹಿಡಿಯುತ್ತದೆ.